ಥಿಂಗ್ಸ್ ಆಪ್‌ನಲ್ಲಿ ರಾಶಿ ಕೆಲಸಗಳನ್ನು ಒಂದೇ ಸಲಕ್ಕೆ ಕ್ಯಾನ್ಸಲ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಥಿಂಗ್ಸ್ ಆಪ್‌ನ ಹುಚ್ಚು ಮೊದಲು ನನಗೆ ಹತ್ತಿತು, ಆಮೇಲೆ ನಾನೇ ನಾಲ್ಕಾರು ಗೆಳೆಯರಿಗೆ ಹತ್ತಿಸಿದೆ. ಅದರ ಫಲ ಈಗ ಉಣ್ಣುತ್ತಿದ್ದೇನೆ. ಯಾರದ್ದಾದರೂ ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೆದರೆ ಫೋನ್ ಬರುವುದು ನನಗೇ. ಹೇಳಿದ್ದನ್ನೇ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಆಪ್ ಕನ್ನಡದಲ್ಲಿ ಇಲ್ಲ. ಹಾಗಾಗಿ ಬಟನ್‌ಗಳ ಹೆಸರನ್ನು ಪರದೆಯ ಮೇಲೆ ಹೇಗಿದೆಯೋ ಹಾಗೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.

## ಮೊದಲ ಮಾತು

ಬೇಡದ ಕೆಲಸ ಅಂದ್ಮೇಲೆ ಡಿಲೀಟ್ ಮಾಡಿದ್ರೆ ಆಯ್ತಲ್ವಾ? ಈ ಕ್ಯಾನ್ಸಲ್ ಯಾಕೆ?

ತಪ್ಪಾಗಿ ಬರೆದದ್ದು, ಎರಡು ಸಲ ಬರೆದದ್ದು, ಅರ್ಥವೇ ಆಗದ ಸಾಲು: ಇವನ್ನೆಲ್ಲ ಧಾರಾಳವಾಗಿ ಡಿಲೀಟ್ ಮಾಡಿ. ಅವು ಟ್ರ್ಯಾಶ್‌ಗೆ ಹೋಗುತ್ತವೆ. ಟ್ರ್ಯಾಶ್ ಖಾಲಿ ಮಾಡಿದ ಮೇಲೆ ಗುರುತೂ ಉಳಿಯುವುದಿಲ್ಲ.

ಕ್ಯಾನ್ಸಲ್ ಬೇರೆ. 'ಮಾಡಬೇಕು ಅಂದುಕೊಂಡಿದ್ದೆ, ಈಗ ಬೇಡ ಅಂತ ತೀರ್ಮಾನ ಮಾಡಿದೆ' ಎಂಬುದನ್ನು ಅದು ದಾಖಲಿಸುತ್ತದೆ. ಚೌಕದಲ್ಲಿ ಟಿಕ್ ಬದಲು ಕತ್ತರಿ ಗುರುತು ಬೀಳುತ್ತದೆ. ಕೆಲಸ ಲಾಗ್‌ಬುಕ್ ಎಂಬ ಹಳೆಯ ಕೆಲಸಗಳ ದಾಖಲೆಗೆ ಹೋಗಿ ಕೂರುತ್ತದೆ, ಅದರ ನೋಟ್ಸ್, ಲಿಂಕು, ಟ್ಯಾಗ್ ಸಮೇತ. ಆರು ತಿಂಗಳ ಮೇಲೆ 'ಆ ಸೋಲಾರ್ ಹೀಟರ್‌ನವರ ನಂಬರ್ ಎಲ್ಲೋ ಬರೆದಿಟ್ಟಿದ್ದೆನಲ್ಲ' ಅನ್ನಿಸಿದಾಗ ಹುಡುಕಿದರೆ ಸಿಗುತ್ತದೆ.

ಮಾಡದೇ ಇದ್ರೂ ಟಿಕ್ ಹಾಕಿಬಿಟ್ರೆ ಯಾರಿಗೆ ಗೊತ್ತಾಗುತ್ತೆ?

ಯಾರಿಗೂ ಇಲ್ಲ, ಮುಂದೊಂದು ದಿನ ಲಾಗ್‌ಬುಕ್ ತೆರೆಯುವ ನಿಮ್ಮೊಬ್ಬರನ್ನು ಬಿಟ್ಟು. 'ಗ್ಯಾಸ್ ಪೈಪ್ ಬದಲಿಸುವುದು' ಎಂಬುದರ ಮುಂದೆ ಟಿಕ್ ಇದ್ದರೆ ಬದಲಿಸಿದ್ದೀವಿ ಅಂತಲೇ ಅಂದುಕೊಳ್ಳುತ್ತೀರಿ. ಅಂಥ ಸುಳ್ಳು ಬೇಡ.

ಹತ್ತಿಪ್ಪತ್ತು ಕೆಲಸ ಇದೆ ಅಷ್ಟೇ. ಅದಕ್ಕೂ ಆಟೊಮೇಷನ್ ಬೇಕಾ?

ಬೇಡ. ಮ್ಯಾಕ್‌ನಲ್ಲಿ ಕಮಾಂಡ್ ಕೀ ಒತ್ತಿಹಿಡಿದು ಒಂದೊಂದನ್ನೇ ಆರಿಸಿ, ಆಮೇಲೆ ಆಪ್ಷನ್-ಕಮಾಂಡ್-ಕೆ ಒತ್ತಿ. ಎಲ್ಲಕ್ಕೂ ಕತ್ತರಿ ಬೀಳುತ್ತದೆ. ಒಂದೇ ಒಂದು ಕೆಲಸವಾದರೆ ಆಪ್ಷನ್ ಕೀ ಒತ್ತಿಕೊಂಡು ಅದರ ಚೌಕದ ಮೇಲೆ ಕ್ಲಿಕ್ ಮಾಡಿದರೂ ಆಯಿತು. ಐಫೋನ್‌ನಲ್ಲಿ ಕೆಲಸದ ಮೇಲೆ ಎಡಕ್ಕೆ ಸ್ವೈಪ್ ಮಾಡಿದರೆ ಹಲವನ್ನು ಆರಿಸುವ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಚೌಕವನ್ನು ಒತ್ತಿಹಿಡಿದರೆ ಕ್ಯಾನ್ಸಲ್ ಆಯ್ಕೆ ಬರುತ್ತದೆ.

ಎಲ್ಲವೂ ಒಂದೇ ಪಟ್ಟಿಯಲ್ಲಿದ್ದರೆ ನೂರು ಇದ್ದರೂ ಕೈಯಲ್ಲೇ ಮುಗಿಯುತ್ತದೆ. ಕೆಲಸಗಳು ಪ್ರಾಜೆಕ್ಟ್, ಏರಿಯಾ ಎಂಬ ಹತ್ತಾರು ಗುಂಪುಗಳಲ್ಲಿ ಚೆಲ್ಲಾಪಿಲ್ಲಿ ಆಗಿದ್ದಾಗ ಮಾತ್ರ ಕೆಳಗೆ ಹೇಳುವ ಶಾರ್ಟ್‌ಕಟ್‌ನ ಬೆಲೆ ಗೊತ್ತಾಗುವುದು.

ನನ್ನದು ಆಂಡ್ರಾಯ್ಡ್ ಫೋನ್, ವಿಂಡೋಸ್ ಲ್ಯಾಪ್‌ಟಾಪ್. ನನಗೂ ಆಗುತ್ತಾ?

ಆಗುವುದಿಲ್ಲ. ಥಿಂಗ್ಸ್ ಮಾಡುವವರು ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಲ್ಚರ್ಡ್ ಕೋಡ್ ಎಂಬ ಕಂಪನಿ. ಆಪಲ್ ಸಾಧನಗಳಿಗೆ ಮಾತ್ರ ಮಾಡುತ್ತಾರೆ.

ಬೇರೆ ಆಪ್ ಬಳಸುವವರಿಗೆ ಒಂದು ಮಾತು. ಟುಡೂಯಿಸ್ಟ್‌ನಲ್ಲಿ ಕ್ಯಾನ್ಸಲ್ ಎಂಬ ಸ್ಥಿತಿಯೇ ಇಲ್ಲ. ಮುಗಿಸಬೇಕು, ಇಲ್ಲವೇ ಅಳಿಸಬೇಕು. ಆಪಲ್‌ನ ರಿಮೈಂಡರ್ಸ್ ಕಥೆಯೂ ಅಷ್ಟೇ. ಆಮ್ನಿಫೋಕಸ್‌ನಲ್ಲಿ ಇದೆ, ಅಲ್ಲಿ ಇದಕ್ಕೆ 'ಡ್ರಾಪ್' ಅನ್ನುತ್ತಾರೆ. ಕೆಳಗೆ ಹೇಳಿರುವ 'ಮೊದಲು ಟ್ಯಾಗ್, ಆಮೇಲೆ ಕ್ಯಾನ್ಸಲ್' ಎಂಬ ದಾರಿ ಅದಕ್ಕೂ ಹೊಂದುತ್ತದೆ, ಬಟನ್‌ಗಳು ಮಾತ್ರ ಬೇರೆ.

## ಶಾರ್ಟ್‌ಕಟ್ ಕಟ್ಟುವುದು

ಶಾರ್ಟ್‌ಕಟ್ಸ್ ಅಂದ್ರೆ ಕಂಟ್ರೋಲ್-ಸಿ, ಕಂಟ್ರೋಲ್-ವಿ ಥರಾನಾ?

ಅಲ್ಲ. ಶಾರ್ಟ್‌ಕಟ್ಸ್ ಎಂಬುದು ಐಫೋನ್, ಐಪ್ಯಾಡ್, ಮ್ಯಾಕ್ ಜತೆಗೇ ಬರುವ ಆಪಲ್‌ನ ಆಪ್. ದುಡ್ಡು ಕೊಡಬೇಕಿಲ್ಲ. ಒಂದರ ಕೆಳಗೆ ಒಂದು ಇಟ್ಟಿಗೆ ಇಟ್ಟ ಹಾಗೆ ಆಕ್ಷನ್‌ಗಳನ್ನು ಜೋಡಿಸುತ್ತೀರಿ, ಅದು ಮೇಲಿಂದ ಕೆಳಕ್ಕೆ ಒಂದೊಂದನ್ನೇ ನಡೆಸುತ್ತದೆ. ಮೊದಲು ಇದು ವರ್ಕ್‌ಫ್ಲೋ ಎಂಬ ಬೇರೆಯವರ ಆಪ್ ಆಗಿತ್ತು. 2017ರಲ್ಲಿ ಆಪಲ್ ಕೊಂಡುಕೊಂಡಿತು, ಮರುವರ್ಷ ಹೊಸ ಹೆಸರಿನಲ್ಲಿ ಬಿಟ್ಟಿತು. ಮ್ಯಾಕ್‌ಗೆ ಬಂದದ್ದು 2021ರಲ್ಲಿ.

ಥಿಂಗ್ಸ್‌ನಲ್ಲಿ ಇದಕ್ಕೆ ಬೇಕಾದ ಒಳ್ಳೆಯ ಆಕ್ಷನ್‌ಗಳು ಬಂದದ್ದು 2022ರ 3.17 ಆವೃತ್ತಿಯಲ್ಲಿ. ನಿಮ್ಮಲ್ಲಿ ಹಳೆಯ ಆವೃತ್ತಿ ಇದ್ದರೆ ಮೊದಲು ಅಪ್‌ಡೇಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ನಾನು ಹೇಳುವ ಹೆಸರುಗಳು ಕಾಣಿಸುವುದೇ ಇಲ್ಲ.

ಸರಿ, ಪೀಠಿಕೆ ಸಾಕು. ಹೆಂಗೆ ಮಾಡೋದು ಹೇಳಿ.

ಕೆಲಸ ಎರಡು ಹಂತದ್ದು. ಮೊದಲನೆಯದು ನಿಮ್ಮದು, ಎರಡನೆಯದು ಯಂತ್ರದ್ದು.

ಮೊದಲು ಥಿಂಗ್ಸ್‌ನಲ್ಲಿ ಒಂದು ಹೊಸ ಟ್ಯಾಗ್ ಮಾಡಿ. ನಾನು ಅದನ್ನು 'ಬಿಡೋದು' ಅಂತ ಕರೆಯುತ್ತೇನೆ. ಆರಾಮಾಗಿ ಕಾಫಿ ಕುಡಿಯುತ್ತಾ ಪಟ್ಟಿಗಳನ್ನು ನೋಡಿ, ಕೈಬಿಡಬೇಕು ಅನ್ನಿಸಿದ್ದಕ್ಕೆಲ್ಲ ಆ ಟ್ಯಾಗ್ ಹಾಕುತ್ತಾ ಹೋಗಿ. ಮ್ಯಾಕ್‌ನಲ್ಲಿ ಹತ್ತಾರನ್ನು ಒಟ್ಟಿಗೆ ಆರಿಸಿ ಶಿಫ್ಟ್-ಕಮಾಂಡ್-ಟಿ ಒತ್ತಿದರೆ ಎಲ್ಲಕ್ಕೂ ಒಂದೇ ಸಲ ಟ್ಯಾಗ್ ಹಾಕಬಹುದು. ಒಂದೇ ದಿನ ಮುಗಿಸಬೇಕು ಅಂತೇನೂ ಇಲ್ಲ. ಇವತ್ತು ಮನೆ ಕೆಲಸ, ನಾಳೆ ಆಫೀಸಿನದು, ಹೀಗೆ ಒಂದು ವಾರ ಎಳೆದರೂ ನಡೆಯುತ್ತದೆ.

ಆಮೇಲೆ ಶಾರ್ಟ್‌ಕಟ್ಸ್ ತೆರೆದು ಹೊಸದೊಂದನ್ನು ಶುರು ಮಾಡಿ. ಹುಡುಕುವ ಜಾಗದಲ್ಲಿ ಥಿಂಗ್ಸ್ ಅಂತ ಹುಡುಕಿದರೆ ಆಪ್‌ನ ಆಕ್ಷನ್‌ಗಳೆಲ್ಲ ಬರುತ್ತವೆ. ಅದರಲ್ಲಿ 'ಫೈಂಡ್ ಐಟಮ್ಸ್' ಆರಿಸಿ. ಅದಕ್ಕೆ ಮೂರು ಫಿಲ್ಟರ್ ಹಾಕಿ: ಟೈಪ್ ಎಂಬುದು ಟು-ಡೂ ಆಗಿರಬೇಕು, ಸ್ಟೇಟಸ್ ಓಪನ್ ಆಗಿರಬೇಕು, ಟ್ಯಾಗ್‌ಗಳಲ್ಲಿ 'ಬಿಡೋದು' ಇರಬೇಕು. ಫಿಲ್ಟರ್‌ಗಳ ಮೇಲೆ 'ಆಲ್' ಅಂತ ಇದೆಯಾ ನೋಡಿಕೊಳ್ಳಿ. 'ಎನಿ' ಅಂತಿದ್ದರೆ ಮೂರರಲ್ಲಿ ಒಂದು ಹೊಂದಿದರೂ ಸಾಕು ಎಂದಾಗುತ್ತದೆ. ಆಗ ನಿಮ್ಮ ತೆರೆದ ಕೆಲಸಗಳೆಲ್ಲವೂ ಬಲೆಗೆ ಬೀಳುತ್ತವೆ.

ಅದರ ಕೆಳಗೆ 'ಕೌಂಟ್' ಇಡಿ. ಸಿಕ್ಕ ಐಟಂಗಳು ಎಷ್ಟು ಅಂತ ಅದು ಎಣಿಸುತ್ತದೆ. ಅದರ ಕೆಳಗೆ 'ಶೋ ಅಲರ್ಟ್'. ಅದರಲ್ಲಿ ಕೌಂಟ್‌ನ ಸಂಖ್ಯೆ ಸೇರಿಸಿ, 'ಇಷ್ಟು ಕೆಲಸ ರದ್ದಾಗುತ್ತವೆ, ಸರಿನಾ?' ಅಂತ ಬರೆಯಿರಿ.

ಕೊನೆಗೆ ಥಿಂಗ್ಸ್‌ನದ್ದೇ 'ಎಡಿಟ್ ಐಟಮ್ಸ್'. ಯಾವುದನ್ನು ಬದಲಿಸಬೇಕು ಅಂದರೆ ಸ್ಟೇಟಸ್, ಏನಾಗಬೇಕು ಅಂದರೆ ಕ್ಯಾನ್ಸಲ್ಡ್. ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಶಾರ್ಟ್‌ಕಟ್ಸ್ ಹೊಸ ಆಕ್ಷನ್‌ಗೆ ಹಿಂದಿನ ಆಕ್ಷನ್‌ನ ಫಲವನ್ನು ತಾನಾಗೇ ಅಂಟಿಸುತ್ತದೆ. ನಡುವೆ ಕೌಂಟ್ ಕೂತಿರುವುದರಿಂದ ಎಡಿಟ್ ಐಟಮ್ಸ್‌ಗೆ ಕೆಲಸಗಳ ಬದಲು '47' ಎಂಬ ಸಂಖ್ಯೆ ಅಂಟಿಕೊಂಡಿರಬಹುದು. ಆ ನೀಲಿ ಪದವನ್ನು ಒತ್ತಿ, 'ಸೆಲೆಕ್ಟ್ ವೇರಿಯಬಲ್' ಮೂಲಕ ಫೈಂಡ್ ಐಟಮ್ಸ್‌ನ ಫಲವನ್ನೇ ಆರಿಸಿ.

ಒಟ್ಟು ನಾಲ್ಕು ಇಟ್ಟಿಗೆ. ಮೊದಲ ಸಲ ನಡೆಸಿದಾಗ ಅನುಮತಿ ಕೇಳಬಹುದು, ಕೊಡಿ.

ಟ್ಯಾಗ್ ಯಾಕೆ ಹಾಕ್ತಾ ಕೂರಬೇಕು? ಆರು ತಿಂಗಳಿಗಿಂತ ಹಳೇದನ್ನೆಲ್ಲ ಕ್ಯಾನ್ಸಲ್ ಮಾಡು ಅಂದ್ರೆ ಮುಗೀತಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ಮಾಡಿಯೂ ಮಾಡಿದೆ. 'ಅಡ್ಜಸ್ಟ್ ಡೇಟ್' ಹಾಕಿ ಇವತ್ತಿನಿಂದ ಆರು ತಿಂಗಳು ಹಿಂದಕ್ಕೆ ಹೋಗು, ಅದಕ್ಕಿಂತ ಮೊದಲು ಬರೆದ ತೆರೆದ ಕೆಲಸಗಳನ್ನೆಲ್ಲ ಹುಡುಕು, ಕ್ಯಾನ್ಸಲ್ ಮಾಡು. ಎರಡು ನಿಮಿಷದ ಕೆಲಸ. ಪಟ್ಟಿ ತಲೆಗೆ ಎಣ್ಣೆ ಹಚ್ಚಿ ಬಾಚಿದ ಹಾಗೆ ನೀಟಾಗಿ ಕಂಡಿತು. ಅದು ಜನವರಿ.

ಮೇ ತಿಂಗಳಲ್ಲಿ ಅಮ್ಮ ಕೇಳಿದರು, 'ಮನೆ ಕಂದಾಯ ಕಟ್ಟಿದ್ಯೇನೋ?' ಹಿಂದಿನ ವರ್ಷ ಕಂದಾಯ ಕಟ್ಟಿದ ದಿನವೇ ಜಾಣನ ಹಾಗೆ 'ಕಂದಾಯ ಕಟ್ಟು' ಅಂತ ಬರೆದು, ಏಪ್ರಿಲ್ 3ಕ್ಕೆ ಕಾಣಿಸಿಕೊಳ್ಳಲಿ ಅಂತ ಇಟ್ಟಿದ್ದೆ. ಬರೆದು ಎಂಟು ಒಂಬತ್ತು ತಿಂಗಳಾಗಿತ್ತು. ಶಾರ್ಟ್‌ಕಟ್‌ಗೆ ಅದು ಹಳೆಯದಾಗಿ ಕಂಡಿತು, ಎತ್ತಿ ಹಾಕಿತು. ಏಪ್ರಿಲ್‌ನಲ್ಲಿ ಕಟ್ಟಿದ್ದರೆ ಸಿಗುತ್ತಿದ್ದ ಶೇ. 5 ರಿಯಾಯಿತಿ ಹೋಯಿತು. ಲಾಗ್‌ಬುಕ್‌ನಲ್ಲಿ ಹುಡುಕಿದರೆ 'ಕಂದಾಯ ಕಟ್ಟು' ಎಂಬುದರ ಮುಂದೆ ಕತ್ತರಿ ಗುರುತು ಹಾಕಿಸಿಕೊಂಡು ಕೂತಿತ್ತು. ಆಪ್‌ನ ತಪ್ಪೇನೂ ಇಲ್ಲ, ನಾನು ಹೇಳಿದ್ದನ್ನೇ ಅದು ಮಾಡಿತ್ತು.

ಬರೆದ ದಿನಾಂಕ ಕೆಲಸದ ವಯಸ್ಸನ್ನು ಹೇಳುತ್ತದೆ, ಬೇಕೋ ಬೇಡವೋ ಎಂಬುದನ್ನಲ್ಲ. ಅದಕ್ಕೇ ಟ್ಯಾಗ್. ಬೇಕು-ಬೇಡ ನೋಡುವುದು ನಿಮ್ಮ ಕಣ್ಣು, ಬಟನ್ ಒತ್ತುವುದು ಯಂತ್ರ.

ಆದರೂ ದಿನಾಂಕದ ಫಿಲ್ಟರೇ ಬೇಕು ಅನ್ನುವವರು ಕೊನೇ ಪಕ್ಷ ಇಷ್ಟು ಮಾಡಿ. ಸ್ಟಾರ್ಟ್ ಡೇಟ್ ಇರುವುದನ್ನು, ಡೆಡ್‌ಲೈನ್ ಇರುವುದನ್ನು ಫಿಲ್ಟರ್‌ನಿಂದ ಹೊರಗಿಡಿ. ಮುಂದಿನ ದಿನಕ್ಕೆ ಬೇಕು ಅಂತಲೇ ಎತ್ತಿಟ್ಟ ಕೆಲಸಗಳು ಅವು. ಆಮೇಲೆ ಕ್ಯಾನ್ಸಲ್ ಮಾಡುವ ಆಕ್ಷನ್ ಬದಲು 'ಚೂಸ್ ಫ್ರಮ್ ಲಿಸ್ಟ್' ಇಟ್ಟು, 'ಸೆಲೆಕ್ಟ್ ಮಲ್ಟಿಪಲ್' ಆನ್ ಮಾಡಿ, ಏನೇನು ಸಿಕ್ಕಿದೆ ಅಂತ ಒಂದು ಸಲ ಓದಿ ನೋಡಿ.

ಸೋಮಾರಿತನಕ್ಕೆ ಸಮ್‌ಡೇ ಪಟ್ಟಿ ಪೂರ್ತಿ ಕ್ಯಾನ್ಸಲ್ ಮಾಡಿಬಿಡ್ಲಾ?

ಬೇಡ. ಆ ಪಟ್ಟಿ ಇರುವುದೇ 'ಎಂದಾದರೂ ಒಂದು ದಿನ' ಎಂಬ ಆಸೆಗಳಿಗೆ. ವೀಣೆ ಕಲಿಯಬೇಕು, ಹಂಪಿಗೆ ಸೈಕಲ್‌ನಲ್ಲಿ ಹೋಗಬೇಕು. ಅಲ್ಲಿ ಕೂತರೆ ಯಾರಿಗೂ ತೊಂದರೆ ಇಲ್ಲ. ಕಣ್ಣಿಗೆ ಚುಚ್ಚುವುದು ಎನಿಟೈಮ್ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಕೂತವು. ಅಲ್ಲಿಂದ ಶುರು ಮಾಡಿ.

ಅಲರ್ಟ್ ಬಂತು, ಕ್ಯಾನ್ಸಲ್ ಅಂತ ಒತ್ತಿದೆ. ಒಂದೂ ಕ್ಯಾನ್ಸಲ್ ಆಗ್ಲಿಲ್ಲ!

ಈ ಪ್ರಶ್ನೆ ಕೇಳಿದವರಿಗೆ ನಾನು ನಗುವುದಿಲ್ಲ, ನನಗೂ ಆಗಿದೆ. ಶೋ ಅಲರ್ಟ್‌ನಲ್ಲಿ ಎರಡು ಬಟನ್ ಬರುತ್ತವೆ, ಓಕೆ ಮತ್ತು ಕ್ಯಾನ್ಸಲ್. ಅಲ್ಲಿನ ಕ್ಯಾನ್ಸಲ್ ಅಂದರೆ 'ಈ ಶಾರ್ಟ್‌ಕಟ್ಟನ್ನೇ ನಿಲ್ಲಿಸು' ಅಂತ. ಕೆಲಸಗಳು ಕ್ಯಾನ್ಸಲ್ ಆಗಬೇಕಾದರೆ ಓಕೆ ಒತ್ತಬೇಕು. ಗೊಂದಲ ಬೇಡ ಅಂತಲೇ ನಾನು ಅಲರ್ಟ್‌ನ ಮಾತನ್ನು ಕನ್ನಡದಲ್ಲಿ ಬರೆದು, ಕೊನೆಗೆ 'ರದ್ದಾಗಬೇಕಾದರೆ ಓಕೆ ಒತ್ತು' ಅಂತ ಸೇರಿಸಿದ್ದೇನೆ.

ನೂರೈವತ್ತಕ್ಕೆ ಟ್ಯಾಗ್ ಹಾಕಿದ್ದೆ, ಹತ್ತೇ ಕ್ಯಾನ್ಸಲ್ ಆದ್ವು. ಉಳಿದವು?

ಫೈಂಡ್ ಐಟಮ್ಸ್‌ನ ಕೆಳಗೆ 'ಲಿಮಿಟ್' ಎಂಬ ಸ್ವಿಚ್ ಇದೆ, ನೋಡಿ. ಆನ್ ಆಗಿದ್ದರೆ ಅಲ್ಲಿರುವ ಸಂಖ್ಯೆಯಷ್ಟೇ ತರುತ್ತದೆ. ಆಫ್ ಮಾಡಿ.

ಆದರೆ ಮೊದಲ ಪ್ರಯೋಗಕ್ಕೆ ಆ ಸ್ವಿಚ್ಚೇ ನಿಮ್ಮ ಗೆಳೆಯ. ಲಿಮಿಟ್ 3 ಅಂತ ಇಟ್ಟು ನಡೆಸಿ. ಮೂರೂ ಸರಿಯಾಗಿ ಲಾಗ್‌ಬುಕ್‌ಗೆ ಹೋದವು ಅಂತ ಕಂಡ ಮೇಲೆ ಲಿಮಿಟ್ ತೆಗೆಯಿರಿ. ಅನ್ನ ಬೆಂದಿದೆಯಾ ನೋಡಲು ನಾವು ಒಂದೆರಡು ಅಗುಳನ್ನೇ ಅಲ್ವಾ ಹಿಸುಕುವುದು.

## ಎಡವಟ್ಟಾದಾಗ

ಅಯ್ಯೋ, ಬೇಕಾದ್ದೂ ಹೋಯ್ತು! ವಾಪಸ್ ಬರುತ್ತಾ?

ಬರುತ್ತದೆ, ಗಾಬರಿ ಬೇಡ. ಒಂದೆರಡು ಮಾತ್ರ ಆದರೆ ಲಾಗ್‌ಬುಕ್ ತೆರೆದು, ಆ ಕೆಲಸದ ಚೌಕದ ಮೇಲೆ ಕ್ಲಿಕ್ ಮಾಡಿ ಕತ್ತರಿ ತೆಗೆಯಿರಿ. ಅದು ಮತ್ತೆ ತೆರೆದ ಕೆಲಸವಾಗುತ್ತದೆ.

ಎಲ್ಲವನ್ನೂ ವಾಪಸ್ ತರಬೇಕಾದರೆ ಮಾಡಿಟ್ಟ ಶಾರ್ಟ್‌ಕಟ್ಟನ್ನು ಡುಪ್ಲಿಕೇಟ್ ಮಾಡಿ, ಎರಡು ಕಡೆ ಬದಲಿಸಿ. ಹುಡುಕುವಾಗ ಸ್ಟೇಟಸ್ ಓಪನ್ ಬದಲು ಕ್ಯಾನ್ಸಲ್ಡ್, ಎಡಿಟ್ ಮಾಡುವಾಗ ಕ್ಯಾನ್ಸಲ್ಡ್ ಬದಲು ಓಪನ್. ಕ್ಯಾನ್ಸಲ್ ಆದರೂ ಟ್ಯಾಗ್ ಉಳಿದಿರುವುದರಿಂದ ಆ ಗುಂಪನ್ನು ಹಿಡಿಯುವುದು ಸುಲಭ.

ಒಂದು ತೊಡಕಿದೆ. ಪ್ರತಿ ಸಲವೂ ಅದೇ 'ಬಿಡೋದು' ಟ್ಯಾಗ್ ಬಳಸಿದ್ದರೆ ಈ ಉಲ್ಟಾ ಶಾರ್ಟ್‌ಕಟ್ ಹಿಂದಿನ ತಿಂಗಳುಗಳಲ್ಲಿ ಬಿಟ್ಟದ್ದನ್ನೂ ಎಬ್ಬಿಸಿಕೊಂಡು ಬರುತ್ತದೆ. ಅದಕ್ಕೇ ನಾನು ಈಗ ಪ್ರತಿ ಸುತ್ತಿಗೂ ಬೇರೆ ಟ್ಯಾಗ್ ಹಾಕುತ್ತೇನೆ: 'ಬಿಡೋದು ಯುಗಾದಿ', 'ಬಿಡೋದು ದಸರಾ'. ವರ್ಷಕ್ಕೆ ಎರಡೇ ಸುತ್ತು, ಹೆಸರು ಮರೆಯುವುದಿಲ್ಲ.

ಕ್ಯಾನ್ಸಲ್ ಆಯ್ತು ಅಂತ ಕತ್ತರಿ ಗುರುತು ಬಂದಿದೆ, ಆದ್ರೂ ಪಟ್ಟಿಯಲ್ಲೇ ಕೂತಿದೆ. ಯಾಕೆ?

ಸೆಟ್ಟಿಂಗ್ಸ್‌ನಲ್ಲಿ, ಮುಗಿದ ಕೆಲಸಗಳು ಲಾಗ್‌ಬುಕ್‌ಗೆ ಯಾವಾಗ ಹೋಗಬೇಕು ಎಂಬ ಆಯ್ಕೆ ಇದೆ: ತಕ್ಷಣ, ದಿನಕ್ಕೊಮ್ಮೆ, ಅಥವಾ ನೀವು ಹೇಳಿದಾಗ. ನಿಮ್ಮದು 'ದಿನಕ್ಕೊಮ್ಮೆ' ಇದ್ದರೆ ನಾಳೆ ಬೆಳಗ್ಗೆ ಹೋಗಿರುತ್ತವೆ. ಬಿಟ್ಟುಬಿಡಿ. ದೊಡ್ಡ ಸುತ್ತಿನ ದಿನ ಇದು ಒಳ್ಳೆಯದೇ, ಏನೇನು ಹೋಯಿತು ಅಂತ ಸಂಜೆವರೆಗೂ ಕಣ್ಣ ಮುಂದೆ ಇರುತ್ತದೆ.

ವಾರ ವಾರ ಬರೋ ಕೆಲಸ ಕ್ಯಾನ್ಸಲ್ ಮಾಡಿದೆ. ಮುಂದಿನ ವಾರ ಮತ್ತೆ ಬಂದು ಕೂತಿದೆ!

ಕ್ಯಾನ್ಸಲ್ ಆದದ್ದು ಈ ವಾರದ ಪ್ರತಿ ಮಾತ್ರ. ಅದನ್ನು ಹುಟ್ಟಿಸುವ ಮೂಲ ಅಚ್ಚು ಹಾಗೇ ಇದೆ. ಹಾಲಿನ ಹುಡುಗನಿಗೆ 'ಇವತ್ತು ಬೇಡ' ಅಂದದ್ದಕ್ಕೂ 'ನಾಳೆಯಿಂದ ಬರಬೇಡ' ಅಂದದ್ದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಆ ಅಚ್ಚನ್ನು ಆಟೊಮೇಷನ್ ಮೂಲಕ ಕ್ಯಾನ್ಸಲ್ ಮಾಡಲು ಥಿಂಗ್ಸ್ ಬಿಡುವುದಿಲ್ಲ. ಅಪ್‌ಕಮಿಂಗ್ ಪಟ್ಟಿಯಲ್ಲಿ ಅದನ್ನು ಹುಡುಕಿ, ರಿಪೀಟ್ ಮೆನುವಿನಲ್ಲಿ ಪಾಸ್ ಮಾಡಿ. ಇನ್ನೆಂದೂ ಬೇಡ ಅಂದರೆ ಅಚ್ಚನ್ನೇ ಡಿಲೀಟ್ ಮಾಡಿ.

ಒಂದು ಪ್ರಾಜೆಕ್ಟನ್ನೇ ಕೈಬಿಡಬೇಕು. ಅದಕ್ಕೆ ಏನು ಮಾಡ್ಲಿ?

ಕೈಯಲ್ಲಿ ಮಾಡಿ. ಒಳಗೆ ತೆರೆದ ಕೆಲಸಗಳು ಇರುವಾಗ ಪ್ರಾಜೆಕ್ಟನ್ನು ಕ್ಯಾನ್ಸಲ್ ಮಾಡಹೊರಟರೆ, ಉಳಿದವನ್ನು ಏನು ಮಾಡಲಿ ಅಂತ ಆಪ್ ಕೇಳುತ್ತದೆ. ಉತ್ತರ ಕೊಟ್ಟರೆ ಮುಗಿಯಿತು. ಆಟೊಮೇಷನ್‌ನಲ್ಲಿ ಕೇಳುವವರಿಲ್ಲ. ಮುಂದೆ ಹೇಳುವ ಯುಆರ್‌ಎಲ್ (ಲಿಂಕ್) ದಾರಿಯಲ್ಲಿ ಹೋದರಂತೂ, ಒಳಗಿನ ಕೆಲಸಗಳೆಲ್ಲ ಮುಗಿದು ಅಥವಾ ಕ್ಯಾನ್ಸಲ್ ಆಗಿ, ಹೆಡಿಂಗ್‌ಗಳೂ ಆರ್ಕೈವ್ ಆಗಿರದಿದ್ದರೆ ನಿಮ್ಮ ಆಜ್ಞೆಯನ್ನು ಆಪ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಫಿಲ್ಟರ್‌ನಲ್ಲಿ ಟೈಪ್ ಎಂಬುದನ್ನು ಟು-ಡೂ ಅಂತಲೇ ಇಡಲು ಹೇಳಿದ್ದು ಇದೇ ಕಾರಣಕ್ಕೆ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಮ್ಯಾಕ್‌ನಲ್ಲಿ ಆಪ್‌ಗಳಿಗೆ ಆಜ್ಞೆ ಕೊಡೋ ಆಪಲ್‌ಸ್ಕ್ರಿಪ್ಟ್ ಬರೀತೀನಿ. ಒಂದು ಬಿಟ್ಟು ಒಂದು ಕ್ಯಾನ್ಸಲ್ ಆಗ್ತಿದೆ, ಏನು ಮಾಯ?

ಮಾಯ ಏನಿಲ್ಲ. ನೀವು ಪಟ್ಟಿಯ ಮೇಲೆ ನಡೆಯುತ್ತಿರುವಾಗಲೇ ಪಟ್ಟಿ ಕುಗ್ಗುತ್ತಿದೆ. ಟುಡೇ ಪಟ್ಟಿಯಲ್ಲಿ ಹತ್ತು ಕೆಲಸ ಇವೆ ಅನ್ನಿ. ಒಂದನೆಯದನ್ನು ಕ್ಯಾನ್ಸಲ್ ಮಾಡಿದಿರಿ, ಅದು ಲಾಗ್‌ಬುಕ್‌ಗೆ ಎದ್ದು ಹೋಯಿತು. ಎರಡನೆಯದು ಈಗ ಒಂದನೆಯ ಜಾಗಕ್ಕೆ ಬಂತು. ಸ್ಕ್ರಿಪ್ಟ್ ಮುಂದಕ್ಕೆ ಹೋಗಿ 'ಎರಡನೆಯದು' ಅಂದಾಗ ಸಿಗುವುದು ಹಳೆಯ ಮೂರನೆಯದು. ನಡುವಿನದು ತಪ್ಪಿಸಿಕೊಂಡಿತು. ಅರ್ಧ ದಾರಿಯಲ್ಲಿ ಪಟ್ಟಿಯೇ ಮುಗಿದು 'ಆರನೆಯದು ಸಿಗುತ್ತಿಲ್ಲ' ಅಂತ ದೋಷ ಬರುತ್ತದೆ.

ಉಪಾಯ ಎರಡು. ಲೂಪ್ ಶುರುವಾಗುವ ಮೊದಲೇ ಎಲ್ಲ ಕೆಲಸಗಳನ್ನು ಒಂದು ವೇರಿಯಬಲ್‌ಗೆ ಎತ್ತಿಕೊಳ್ಳಿ, ಆಮೇಲೆ ಆ ವೇರಿಯಬಲ್ ಮೇಲೆ ನಡೆಯಿರಿ. ಅಥವಾ ಕೊನೆಯಿಂದ ಮೊದಲಕ್ಕೆ ಬನ್ನಿ. ನನಗೆ ಮೊದಲನೆಯದೇ ಇಷ್ಟ. ನಾಲ್ಕು ತಿಂಗಳು ಬಿಟ್ಟು ಓದಿದರೂ ಏನು ಮಾಡುತ್ತಿದೆ ಅಂತ ತಿಳಿಯುತ್ತದೆ.

ಇನ್ನೆರಡು ಸಣ್ಣ ವಿಷಯ. ಸ್ಟೇಟಸ್‌ಗೆ ಕೊಡುವ 'ಕ್ಯಾನ್ಸಲ್ಡ್' ಪದದ ಸ್ಪೆಲ್ಲಿಂಗ್ ಅಮೆರಿಕದ್ದು, ಅದರಲ್ಲಿ 'ಎಲ್' ಒಂದೇ. ನಾವು ಶಾಲೆಯಲ್ಲಿ ಎರಡು 'ಎಲ್' ಬರೆದು ಕಲಿತವರು. ನಾನು ಒಂದು ಸಂಜೆ ಪೂರ್ತಿ ಇದೊಂದಕ್ಕೇ ಕಳೆದಿದ್ದೇನೆ. ಎರಡನೆಯದು, ಥಿಂಗ್ಸ್‌ನ ಸ್ಕ್ರಿಪ್ಟ್ ಭಾಷೆಯಲ್ಲಿ ಪ್ರಾಜೆಕ್ಟ್ ಕೂಡ ಒಂದು ಬಗೆಯ ಟು-ಡೂ. ಪಟ್ಟಿಯಲ್ಲಿರುವುದನ್ನೆಲ್ಲ ಕೇಳಿದರೆ ಪ್ರಾಜೆಕ್ಟ್‌ಗಳೂ ಸಿಕ್ಕಿಬೀಳಬಹುದು. ಅದಕ್ಕೇ ಸ್ಕ್ರಿಪ್ಟ್‌ಗೆ ಪೂರ್ತಿ ಪಟ್ಟಿ ಕೊಡುವ ಬದಲು, ನೀವು ಕೈಯಲ್ಲಿ ಆರಿಸಿದ ಕೆಲಸಗಳನ್ನಷ್ಟೇ ಕೊಡುವ 'ಸೆಲೆಕ್ಟೆಡ್ ಟು ಡೂಸ್' ಬಳಸುವುದು ಕ್ಷೇಮ.

ಸ್ಕ್ರಿಪ್ಟ್ ಏನೂ ಮಾಡ್ತಿಲ್ಲ, ಅನುಮತಿ ಇಲ್ಲ ಅಂತಿದೆ.

2018ರ ಮೊಹಾವೆ ಎಂಬ ಮ್ಯಾಕ್‌ಓಎಸ್ ಆವೃತ್ತಿಯಿಂದ ಈಚೆಗೆ, ಒಂದು ಆಪ್ ಇನ್ನೊಂದನ್ನು ಆಡಿಸಬೇಕಾದರೆ ಮ್ಯಾಕ್ ನಿಮ್ಮನ್ನು ಕೇಳುತ್ತದೆ. ಅವಸರದಲ್ಲಿ ಬೇಡ ಅಂದುಬಿಟ್ಟಿರುತ್ತೀರಿ. ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ 'ಆಟೊಮೇಷನ್' ತೆರೆದು, ಸ್ಕ್ರಿಪ್ಟ್ ನಡೆಸುವ ಆಪ್‌ನ ಕೆಳಗೆ ಥಿಂಗ್ಸ್ ಆನ್ ಮಾಡಿ.

ಯುಆರ್‌ಎಲ್ ಮೂಲಕವೂ ಆಗುತ್ತೆ ಅಂತ ಕೇಳಿದೆ. ಅದಕ್ಕೆ ಟೋಕನ್ ಯಾಕೆ ಕೇಳುತ್ತೆ?

ಆಗುತ್ತದೆ. 2018ರಿಂದ ಥಿಂಗ್ಸ್‌ಗೆ ತನ್ನದೇ ಯುಆರ್‌ಎಲ್ ಭಾಷೆ ಇದೆ. ಕೆಲಸದ ಐಡಿ, ಟೋಕನ್ (ಪಾಸ್‌ವರ್ಡ್ ಥರದ ಗುಟ್ಟಿನ ಸಂಕೇತ), ಜತೆಗೆ 'ಕ್ಯಾನ್ಸಲ್ಡ್ ಅಂದರೆ ಟ್ರೂ' ಎಂದು ಸೇರಿಸಿದ ಒಂದು ಅಪ್‌ಡೇಟ್ ಲಿಂಕ್ ತೆರೆದರೆ ಆ ಕೆಲಸ ಕ್ಯಾನ್ಸಲ್.

ಹೊಸ ಕೆಲಸ ಸೇರಿಸುವ ಲಿಂಕ್‌ಗೆ ಟೋಕನ್ ಬೇಡ, ಇರುವುದನ್ನು ಬದಲಿಸುವ ಲಿಂಕ್‌ಗೆ ಬೇಕು. ಕಾರಣ ಸರಳ. ಯಾರೋ ಕಳಿಸಿದ ಲಿಂಕನ್ನು ನೀವು ಸುಮ್ನೆ ಒತ್ತಿದ ಮಾತ್ರಕ್ಕೆ ನಿಮ್ಮ ಪಟ್ಟಿ ಬದಲಾಗಬಾರದಲ್ಲ. ಟೋಕನ್ ಸಿಗುವುದು ಆಪ್‌ನ ಸೆಟ್ಟಿಂಗ್ಸ್‌ನಲ್ಲಿ, ಜನರಲ್ ಭಾಗದ ಥಿಂಗ್ಸ್ ಯುಆರ್‌ಎಲ್ಸ್ ಎಂಬಲ್ಲಿ. ಶಾರ್ಟ್‌ಕಟ್ಟನ್ನು ಗೆಳೆಯರಿಗೆ ಕಳಿಸುವ ಮೊದಲು ಅದರೊಳಗಿಂದ ನಿಮ್ಮ ಟೋಕನ್ ಅಳಿಸಿ.

ಹಲವನ್ನು ಒಟ್ಟಿಗೆ ಬದಲಿಸಲು ಜೇಸನ್ ಎಂಬ ಡೇಟಾ ಬರೆಯುವ ರೂಪದ ಆಜ್ಞೆಯೂ ಇದೆ. ಒಂದೊಂದಕ್ಕೂ ಐಡಿ ಕೊಟ್ಟು, ಆಪರೇಷನ್ ಎಂಬಲ್ಲಿ 'ಅಪ್‌ಡೇಟ್' ಅಂತ ಹೇಳಬೇಕು. ಹೇಳದಿದ್ದರೆ ಅದು ಹೊಸ ಕೆಲಸ ಹುಟ್ಟಿಸಲು ಹೊರಡುತ್ತದೆ. ಇನ್ನು, ಈ ದಾರಿಯಲ್ಲಿ ಕೆಲಸ ಸೇರಿಸುವುದಕ್ಕೆ 10 ಸೆಕೆಂಡಿಗೆ 250 ಎಂಬ ಮಿತಿ ಇದೆ. ಬದಲಿಸುವಾಗಲೂ ನಾನು ಐವತ್ತರ ಕಂತುಗಳಲ್ಲೇ ಕಳಿಸುತ್ತೇನೆ. ತಪ್ಪಾದರೆ ಐವತ್ತನ್ನೇ ನೋಡಿದರೆ ಸಾಕು.

ಬರೀ ಕ್ಯಾನ್ಸಲ್ ಮಾಡುವುದಕ್ಕೆ ಇಷ್ಟೆಲ್ಲ ಕಷ್ಟಪಡಬೇಕಿಲ್ಲ. ಈ ದಾರಿಯ ನಿಜವಾದ ಉಪಯೋಗ ಮುಂದಿನ ಪ್ರಶ್ನೆಯಲ್ಲಿದೆ.

ಲಾಗ್‌ಬುಕ್‌ನಲ್ಲಿ ಒಂದೇ ದಿನಕ್ಕೆ ಮುನ್ನೂರು ಕತ್ತರಿ ಗುರುತು. ಆ ದಿನ ನಿಜವಾಗಿ ಏನು ಮಾಡಿದೆ ಅಂತ ಕಾಣೋದೇ ಇಲ್ಲ. ದಿನಾಂಕ ಹಿಂದಕ್ಕೆ ಹಾಕಬಹುದಾ?

ಹಾಕಬಹುದು. ಯುಆರ್‌ಎಲ್‌ನ ಅಪ್‌ಡೇಟ್ ಆಜ್ಞೆಯಲ್ಲಿ 'ಕಂಪ್ಲೀಷನ್ ಡೇಟ್' ಎಂಬ ಇನ್ನೊಂದು ಅಂಶ ಇದೆ. ಹೆಸರು ಹಾಗಿದ್ದರೂ ಕ್ಯಾನ್ಸಲ್ ಆದ ಕೆಲಸಕ್ಕೂ ಅದೇ. ಮುಂದಿನ ದಿನಾಂಕ ಕೊಟ್ಟರೆ ಒಪ್ಪುವುದಿಲ್ಲ, ಹಿಂದಿನದು ಕೊಡಬಹುದು. ನಾನು ಒಂದು ಸುತ್ತಿನದ್ದನ್ನೆಲ್ಲ ಹಿಂದಿನ ಡಿಸೆಂಬರ್ 31ಕ್ಕೆ ತಳ್ಳಿದ್ದೆ. ವಾರದ ಕೊನೆಗೆ ಲಾಗ್‌ಬುಕ್ ನೋಡಿ ವರದಿ ಬರೆಯುವವರಿಗೆ ಇದು ಬಹಳ ಅನುಕೂಲ. ಹಾಗೆ ನೋಡದವರು ಈ ತಾಪತ್ರಯಕ್ಕೆ ಕೈ ಹಾಕುವುದು ಬೇಡ.

ನಾನು ಪ್ರೋಗ್ರಾಮರ್. ಡೇಟಾಬೇಸ್‌ಗೇ ಕೈ ಹಾಕಿ ಒಂದೇ ಸಾಲಿನಲ್ಲಿ ಮುಗಿಸಲಾ?

ಥಿಂಗ್ಸ್ ಮ್ಯಾಕ್‌ನಲ್ಲಿ ಎಲ್ಲವನ್ನೂ ಒಂದು ಎಸ್‌ಕ್ಯೂಲೈಟ್ ಫೈಲ್‌ನಲ್ಲಿ ಇಡುತ್ತದೆ. ಅದರಲ್ಲಿ ತೆರೆದ ಕೆಲಸದ ಸ್ಟೇಟಸ್ 0, ಕ್ಯಾನ್ಸಲ್ ಆದದ್ದು 2, ಮುಗಿದದ್ದು 3. ಓದಲು ಅಡ್ಡಿಯಿಲ್ಲ, ಅಂಕಿ-ಅಂಶ ತೆಗೆಯಲು ನಾನೂ ಓದುತ್ತೇನೆ. ಬರೆಯಲು ಮಾತ್ರ ಹೋಗಬೇಡಿ. 0 ಇದ್ದಲ್ಲಿ 2 ಬರೆದರೆ ಈ ಮ್ಯಾಕ್‌ನಲ್ಲಿ ಬದಲಾದ ಹಾಗೆ ಕಾಣುತ್ತದೆ. ಆದರೆ ಬದಲಾವಣೆ ಆಪ್‌ನ ಮೂಲಕ ಹೋಗದ ಕಾರಣ, ಸಿಂಕ್ ಮಾಡುವ ಥಿಂಗ್ಸ್ ಕ್ಲೌಡ್‌ಗೆ ಅದರ ಸುದ್ದಿ ತಲುಪಬೇಕು ಅಂತೇನಿಲ್ಲ. ಫೋನ್ ಒಂದು ಹೇಳುತ್ತದೆ, ಮ್ಯಾಕ್ ಇನ್ನೊಂದು.

ಪ್ರತಿ ತಿಂಗಳು ಒಂದನೇ ತಾರೀಕು ತಾನಾಗೇ ನಡೆಯೋ ಹಾಗೆ ಇಡಬಹುದಾ?

ಐಫೋನ್‌ನ ಶಾರ್ಟ್‌ಕಟ್ಸ್‌ನಲ್ಲಿ 'ಆಟೊಮೇಷನ್' ಭಾಗಕ್ಕೆ ಹೋಗಿ ಸಮಯ ಮತ್ತು ದಿನ ಕೊಟ್ಟರೆ ನಡೆಯುತ್ತದೆ. ಅಲ್ಲಿ ಎರಡು ಆಯ್ಕೆ ಬರುತ್ತದೆ: ತಕ್ಷಣ ನಡೆಸು, ಇಲ್ಲವೇ ಕೇಳಿ ನಡೆಸು. ಕೇಳಿ ನಡೆಸುವುದನ್ನೇ ಆರಿಸಿ. ಐಟಂಗಳನ್ನು ರಾಶಿಗಟ್ಟಲೆ ಅಳಿಸುವ ಶಾರ್ಟ್‌ಕಟ್‌ಗೆ ಫೋನ್ ತಾನಾಗೇ ಒಂದು ತಡೆ ಹಾಕುತ್ತದೆ, ಅದನ್ನು ಸಡಿಲಿಸಲು ಸೆಟ್ಟಿಂಗ್ಸ್‌ನಲ್ಲಿ ಬೇರೆಯೇ ಸ್ವಿಚ್ ಇದೆ. ಸ್ಟೇಟಸ್ ಬದಲಿಸುವುದು ಅಳಿಸುವುದಲ್ಲ. ಹಾಗಾಗಿ ಅಂಥ ತಡೆ ಇಲ್ಲಿಯೂ ಕಾಪಾಡುತ್ತದೆ ಅಂತ ನಂಬಿ ಕೂರಬೇಡಿ.

ನಾನಂತೂ ತಾನಾಗೇ ನಡೆಯಲು ಬಿಟ್ಟಿಲ್ಲ. ಒಂದನೇ ತಾರೀಕು ಬೆಳಗ್ಗೆ 'ಬಿಡೋದು ಟ್ಯಾಗ್‌ನಲ್ಲಿ 23 ಇವೆ' ಅಂತ ಎಣಿಸಿ ಹೇಳುವ ಶಾರ್ಟ್‌ಕಟ್ ಮಾತ್ರ ಇಟ್ಟುಕೊಂಡಿದ್ದೇನೆ. ಕ್ಯಾನ್ಸಲ್ ಮಾಡುವುದು ಬೇರೆ ಶಾರ್ಟ್‌ಕಟ್, ಅದನ್ನು ನಾನೇ ಒತ್ತಬೇಕು. ಕಂದಾಯದ ಕೆಲಸಕ್ಕೆ ಈಗ ಡೆಡ್‌ಲೈನ್ ಹಾಕಿದ್ದೇನೆ. ಅಮ್ಮನ ಫೋನ್‌ನ ರಿಮೈಂಡರ್ಸ್‌ನಲ್ಲೂ ಒಂದು ಪ್ರತಿ ಇದೆ.